ಉಂಗುರದೊಳಗಿನ ಮುಪ್ಪು

ಪ್ರೌಢಶಾಲೆ, ಕಾಲೇಜುಗಳಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ‘ಎಲ್ಡನ್ ರಿಂಗ್’ ಎಂಬ ಹೆಸರು ಹಿರಿಯರ ಕಿವಿಗೂ ಬಿದ್ದಿರಬಹುದು. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆ 2022ರ ಫೆಬ್ರವರಿ 25ರಂದು ಹೊರತಂದ ಈ ವಿಡಿಯೋ ಗೇಮ್ ಒಂದೇ ವರ್ಷದಲ್ಲಿ 2 ಕೋಟಿ ಪ್ರತಿಗಳನ್ನು ಕಂಡಿತು. ನಿರ್ದೇಶಕ ಹಿಡೆಟಾಕಾ ಮಿಯಾಝಾಕಿ. ಕಥೆಯ ಹಿನ್ನೆಲೆಯ ಪುರಾಣವನ್ನು ಹೆಣೆದವರು ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್. ರಕ್ತಪಾತವೂ ವಿಕಾರರೂಪಗಳೂ ಧಾರಾಳವಾಗಿರುವುದರಿಂದ ಇದನ್ನು ಯುರೋಪಿನಲ್ಲಿ 16, ಅಮೆರಿಕದಲ್ಲಿ 17 ವರ್ಷ ತುಂಬಿದವರಿಗೆಂದು ವರ್ಗೀಕರಿಸಲಾಗಿದೆ. ಹೆತ್ತವರಿಗೆ ಇಷ್ಟು ತಿಳಿದಿರಲಿ. ಇಲ್ಲಿ ಹೇಳಹೊರಟಿರುವುದು ಆಟದ ಹೆಸರಿನ ವಿಚಾರ.

‘ರಿಂಗ್’ ಎಲ್ಲರಿಗೂ ಗೊತ್ತು. ‘ಎಲ್ಡನ್’? ಶಾಲೆಯ ಇಂಗ್ಲಿಷ್ ಪಾಠದಲ್ಲಿ ಈ ಪದ ಸಿಗುವುದಿಲ್ಲ. ಅದರ ಬುಡದಲ್ಲಿರುವುದು ‘ಎಲ್ಡ್’. ಮುಪ್ಪು, ಪುರಾತನ ಕಾಲ ಎಂದು ಅದರ ಅರ್ಥ. ಬಳಕೆ ತಪ್ಪಿದ ಪದವೆಂದು ನಿಘಂಟುಗಳು ಅದಕ್ಕೆ ಗುರುತು ಹಾಕಿವೆ. ಅದರ ಒಡಹುಟ್ಟುಗಳಾದ ‘ಓಲ್ಡ್’, ‘ಎಲ್ಡರ್’ಗಳು ಮಾತ್ರ ಇನ್ನೂ ಗಟ್ಟಿಯಾಗಿವೆ. ನಗರಸಭೆಯ ಹಿರಿಯ ಸದಸ್ಯನಿಗೆ ಸಲ್ಲುತ್ತಿದ್ದ ‘ಆಲ್ಡರ್‌ಮನ್’ ಎಂಬ ಹೆಸರೂ ಅದೇ ಮನೆಯದು. ವಯಸ್ಸಾದವನೇ ಯಜಮಾನನಾಗಿದ್ದ ಕಾಲದ ನೆನಪು ಅದರಲ್ಲಿದೆ. ವಯನಾಡು, ನೀಲಗಿರಿಗಳ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಕೆಲವು ಬುಡಕಟ್ಟುಗಳ ಮುಖಂಡನನ್ನು ‘ಮೂಪ್ಪನ್’ ಎನ್ನುತ್ತಾರೆ. ಆ ಮಾತಿನ ಬೇರೂ ನಮ್ಮ ‘ಮುಪ್ಪು’, ‘ಮುದುಕ’, ‘ಮುತ್ತಜ್ಜ’ಗಳ ಬೇರೂ ಒಂದೇ.

ಇನ್ನೂ ಸೋಜಿಗದ್ದು ‘ವರ್ಲ್ಡ್’. ಇಂಗ್ಲಿಷಿನ ಪೂರ್ವಿಕ ನುಡಿಯಲ್ಲಿ ಗಂಡಸು ಎಂಬ ಅರ್ಥದ ‘ವೆರ್’, ವಯಸ್ಸು ಅಥವಾ ಯುಗ ಎಂಬ ಅರ್ಥದ ‘ಆಲ್ಡ್’ ಕೂಡಿ ‘ಮನುಷ್ಯರ ಯುಗ’ ಎಂದಾಯಿತು. ಅದೇ ಸವೆದು ‘ವರ್ಲ್ಡ್’. ಆ ‘ವೆರ್’ ಸಂಸ್ಕೃತದ ‘ವೀರ’ನಿಗೆ ದೂರದ ದಾಯಾದಿ.

ಆಟಕ್ಕೆ ಈ ಮುದಿ ಪದ ಒಪ್ಪುವುದಕ್ಕೆ ಕಾರಣವಿದೆ. ಎಲ್ಡನ್ ರಿಂಗ್ ಬೆರಳಿಗೆ ತೊಡುವ ಒಡವೆಯಲ್ಲ, ಒಂದು ಲೋಕವನ್ನು ಹಿಡಿದಿಟ್ಟಿರುವ ಕಟ್ಟಳೆ. ರಾಣಿ ಮಾರಿಕಾ ಅದರಿಂದ ಸಾವಿನ ಲಿಪಿಯನ್ನು ಕಿತ್ತು ಬೇರೆಯಿರಿಸಿದಳು. ಮುಂದೆ ಉಂಗುರವೇ ಒಡೆಯಿತು; ಅವಳ ವಂಶದವರು ಚೂರುಗಳನ್ನು ಹಿಡಿದು ಕಾದಾಡಿದರು. ಸಾವು ನೆಟ್ಟಗೆ ಬಾರದ ಆ ನೆಲದಲ್ಲಿ ಸೈನಿಕರು ಬತ್ತಿದ ಮೈಯಲ್ಲಿಯೇ ಪಾಳುಕೋಟೆಗಳನ್ನು ಕಾಯುತ್ತಿದ್ದಾರೆ. ಕೊನೆಯೇ ಇಲ್ಲದ ಮುಪ್ಪು! ‘ಓಲ್ಡ್ ರಿಂಗ್’ ಎಂದಿದ್ದರೆ ಅಡವಿಟ್ಟು ಬಿಡಿಸಿ ತಂದ ಉಂಗುರವೆಂದು ತೋರುತ್ತಿತ್ತೇ ಹೊರತು ಈ ಭಾರ ಬರುತ್ತಿರಲಿಲ್ಲ. ಜಪಾನೀ ಆವೃತ್ತಿಯಲ್ಲಿಯೂ ಹೆಸರನ್ನು ಅನುವಾದಿಸದೆ ಹಾಗೆಯೇ ಇಟ್ಟುಕೊಂಡಿದ್ದಾರೆ.

ಪರಭಾಷೆಯ ಅಟ್ಟದಿಂದ ಇಳಿಸಿದ ಪದವನ್ನು ನಮ್ಮ ಮಕ್ಕಳು ಅರ್ಥ ಕೇಳದೆಯೇ ನೆಚ್ಚಿಕೊಂಡಿದ್ದಾರೆ. ಅದೇ ಮಕ್ಕಳಿಗೆ ಹಳೆಗನ್ನಡವೆಂದರೆ ಪರೀಕ್ಷೆಯ ಅಂಜಿಕೆ. ಈ ಅಂಜಿಕೆಗೆ ಗಡಿಯ ಈಚೆಗಿನ ನಾವು ಒಪ್ಪಬೇಕಾಗಿಲ್ಲ. ಕಾಸರಗೋಡಿನ ಮಗು ತರಗತಿಯಲ್ಲಿ ‘ಪಾಲ್’ ಎಂಬ ಹಳೆಗನ್ನಡ ಪದ ಕಂಡು ತಬ್ಬಿಬ್ಬಾಗುತ್ತದೆ. ಸಂಜೆ ಅಂಗಡಿಯಲ್ಲಿ ಮಲಯಾಳದಲ್ಲಿ ‘ಪಾಲ್’ ಎಂದೇ ಕೇಳಿ ಮನೆಗೆ ಹಾಲು ತರುತ್ತದೆ.