ಗುಜರಿಯಲ್ಲಿ ಬಂದ ಕೋಬಾಲ್ಟ್

ಸಿರುಗುಪ್ಪದ ಅಕ್ಕಿ ಗಿರಣಿಯ ಸವೆದ ಚಕ್ರ, ಕುರುಗೋಡಿನ ಹೊಲದಲ್ಲಿ ತುಕ್ಕು ತಿಂದ ನೇಗಿಲು, ಕೆಟ್ಟುನಿಂತ ಪಂಪಿನ ಪೈಪು, ಎಲ್ಲವೂ ಗುಜರಿ ಅಂಗಡಿಯ ತಕ್ಕಡಿ ಹತ್ತಿ ಕೊನೆಗೆ ಯಾವುದೋ ಕುಲುಮೆ ಸೇರುತ್ತವೆ. ಬಳ್ಳಾರಿ ಸೀಮೆಯವರಿಗೆ ಕುಲುಮೆ ಹೊಸದಲ್ಲ. ಅದಿರು, ಸ್ಪಾಂಜ್ ಐರನ್, ಉಕ್ಕು ಇಲ್ಲಿನ ದಿನದ ಮಾತು. ಆ ಹಳೆ ಕಬ್ಬಿಣದ ರಾಶಿಯಲ್ಲಿ ವಿಕಿರಣಶೀಲ ವಸ್ತು ಬೆರೆತರೆ ಏನಾಗುತ್ತದೆಂದು 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಪೇಟೆ ಅನುಭವಿಸಿತು.

ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗ 1970ರ ಹೊತ್ತಿಗೆ ತರಿಸಿದ್ದ, ಗಾಮಾ ಕಿರಣ ಸೂಸುವ ಯಂತ್ರವೊಂದು 1985ರಿಂದ ಕೆಲಸವಿಲ್ಲದೆ ಕೂತಿತ್ತು. 2010ರ ಫೆಬ್ರುವರಿಯಲ್ಲಿ ಅದನ್ನು ಹರಾಜು ಹಾಕಿದರು. ವಿಕಿರಣ ಹೊರಬಾರದಿರಲೆಂದು ಸುತ್ತ ಸೀಸ ತುಂಬಿದ್ದರು. ಗುಜರಿಯವರಿಗೆ ಬೆಲೆಬಾಳುವ ಮಾಲು ಆ ಸೀಸವೇ. ಒಡೆದರು. ಒಳಗಿದ್ದ ವಿಕಿರಣಶೀಲ ಕೋಬಾಲ್ಟ್-60 ಬಯಲಿಗೆ ಬಿತ್ತು. ಒಂದು ಚೂರು ವ್ಯಾಪಾರಿಯೊಬ್ಬರ ಪರ್ಸಿನಲ್ಲೇ ಇತ್ತು. ಹಲವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಕೋಬಾಲ್ಟ್-60ರ ಅರ್ಧಾಯುಷ್ಯ, ಅಂದರೆ ಬಲ ಅರ್ಧಕ್ಕಿಳಿಯಲು ಹಿಡಿಯುವ ಕಾಲ, 5.27 ವರ್ಷ. ನಲವತ್ತು ವರ್ಷಗಳಲ್ಲಿ ಅದರ ಬಲ ಇನ್ನೂರರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿದಿರುತ್ತದೆ. ಆ ಒಂದು ಪಾಲೇ ಜೀವ ತೆಗೆಯಿತು.

ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಮತ್ತು ಭಾಭಾ ಪರಮಾಣು ಸಂಶೋಧನಾ ಕೇಂದ್ರದ ತಜ್ಞರು ಮೀಟರ್ ಹಿಡಿದು ಅಂಗಡಿ ಅಂಗಡಿ ಶೋಧಿಸಿದರು. ಸಿಕ್ಕ ಚೂರುಗಳನ್ನು ಕವಚದ ಪೆಟ್ಟಿಗೆಗೆ ತುಂಬಿ ನರೋರಾ ಅಣು ವಿದ್ಯುತ್ ಸ್ಥಾವರಕ್ಕೆ ಸಾಗಿಸಿದರು. ಮಲಿನವಾದ ಮಣ್ಣನ್ನೂ ಕೆರೆದು ತೆಗೆದರು. ಇಂಥ ಕಡೆ 'ಶುಚಿ' ಎಂದರೆ ಇಷ್ಟೇ: ಹೆಕ್ಕುವುದು, ಮುಚ್ಚಿಡುವುದು, ಕಾಯುವುದು. ಬೆಂಕಿಯಾಗಲಿ ಆಮ್ಲವಾಗಲಿ ಪರಮಾಣುವಿನ ನಡುವಿನ ಬೀಜವನ್ನು ಮುಟ್ಟಲಾರವು.

ಮಾಯಾಪುರಿಯಲ್ಲಿ ಕೋಬಾಲ್ಟ್ ಚೂರುಗಳಾಗಿ ಸಿಕ್ಕಿತೆಂಬುದೇ ಸಮಾಧಾನ. ಕರಗಿಬಿಟ್ಟರೆ ಕತೆ ಬೇರೆ. ಕೋಬಾಲ್ಟ್ ಕಬ್ಬಿಣದ ನಂಟ. ಕುಲುಮೆಯಲ್ಲಿ ಉಕ್ಕಿನೊಳಗೇ ಬೆರೆತುಹೋಗುತ್ತದೆ. ಗುಜರಿಯಲ್ಲಿ ಬರಬಹುದಾದ ಇನ್ನೊಂದು ವಿಕಿರಣಶೀಲ ವಸ್ತು ಸೀಸಿಯಂ 671 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ ಹೊಗೆಯ ದೂಳಿನೊಡನೆ ಹಾರುತ್ತದೆ. ಯುರೇನಿಯಂ, ಥೋರಿಯಂ ಕಿಟ್ಟದಲ್ಲಿ ಉಳಿಯುತ್ತವೆ. 1998ರಲ್ಲಿ ಸ್ಪೇನಿನ ಆಸೆರಿನಾಕ್ಸ್ ಕಾರ್ಖಾನೆಯಲ್ಲಿ ಸೀಸಿಯಂ ಕರಗಿದಾಗ ಅದರ ಜಾಡು ಫ್ರಾನ್ಸ್, ಇಟಲಿಗಳ ಗಾಳಿಯಲ್ಲೂ ಸಿಕ್ಕಿತು. ಮೆಕ್ಸಿಕೋದ ಹ್ವಾರೆಸ್‌ನಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಹಳೆ ಯಂತ್ರದ ಕೋಬಾಲ್ಟ್ ಕಟ್ಟಡದ ಸರಳುಗಳನ್ನು ಸೇರಿತ್ತು. 1984ರ ಜನವರಿಯಲ್ಲಿ ಆ ಸರಳು ಹೊತ್ತ ಲಾರಿಯೊಂದು ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಬಳಿ ಹಾದುಹೋದಾಗ ಅಲ್ಲಿನ ವಿಕಿರಣ ಪತ್ತೆಯ ಗಂಟೆ ಬಡಿದುಕೊಂಡಿತು. ಗೊತ್ತಾದದ್ದು ಹಾಗೆ, ಆಕಸ್ಮಿಕವಾಗಿ. ಕಟ್ಟಿದ್ದ ಮನೆಗಳನ್ನು ಕೆಡವಬೇಕಾಯಿತು. 2008ರಲ್ಲಿ ಭಾರತದ ಉಕ್ಕಿನಿಂದಾದ ಲಿಫ್ಟ್ ಗುಂಡಿಗಳಲ್ಲೂ ಫ್ರಾನ್ಸಿನಲ್ಲಿ ಕೋಬಾಲ್ಟ್ ಪತ್ತೆಯಾಯಿತು.

ಆದ್ದರಿಂದಲೇ ಗುಜರಿ ಲಾರಿ ಕುಲುಮೆಯಂಗಳಕ್ಕೆ ಬರುವ ಮುಂಚೆ ಗೇಟಿನಲ್ಲೇ ವಿಕಿರಣ ಅಳೆಯುವ ಕಂಬಗಳಿರಬೇಕು, ಸಣ್ಣ ಕುಲುಮೆಗಳಲ್ಲೂ. ನಮ್ಮ ಬಳ್ಳಾರಿ ಗುಡ್ಡದ ಗ್ರಾನೈಟೂ ಸಹಜವಾಗಿ ಚೂರು ವಿಕಿರಣ ಸೂಸುತ್ತದೆ. ಅದಕ್ಕೆ ಹೆದರಬೇಕಿಲ್ಲ, ಯಂತ್ರ ಆ ಸಹಜ ಮಟ್ಟವನ್ನು ಮೊದಲೇ ಅರಿತು ಅದಕ್ಕೂ ಮೇಲೇರಿದ್ದಕ್ಕೆ ಮಾತ್ರ ಕೂಗುತ್ತದೆ. ಆದರೆ ಸೀಸದ ದಪ್ಪ ಕವಚ ಒಡೆಯದೆ ಬಂದರೆ ಕಂಬಕ್ಕೂ ಸುಳಿವು ಸಿಗದಿರಬಹುದು. ಅದನ್ನು ಮೊದಲು ಕಾಣಬಲ್ಲವರು ತಕ್ಕಡಿಯ ಪಕ್ಕ ಸುತ್ತಿಗೆ ಹಿಡಿದು ಕೂತವರು: ಗಾತ್ರಕ್ಕೆ ಮೀರಿದ ತೂಕ, ಹಳದಿಯ ಮೇಲೆ ವಿಕಿರಣದ ಮೂರೆಸಳಿನ ಗುರುತು. ಆ ಗುರುತಿನ ಚಿತ್ರ, ಕೆಳಗೆ ಕನ್ನಡದಲ್ಲಿ ಎರಡು ಸಾಲಿನ ಎಚ್ಚರಿಕೆ, ಪ್ರತಿ ಗುಜರಿ ಅಂಗಡಿಯ ಗೋಡೆಯ ಮೇಲೂ ಇರಬೇಕು.