ಬಳಗಾನೂರಿನ ಪಡಸಾಲೆಯಲ್ಲಿ ಬೆಳಕಿನ ಉಳಿ

ಮಸ್ಕಿಯ ಗುಡ್ಡದ ಬಂಡೆಯ ಮೇಲೆ 2,200 ವರ್ಷಗಳಿಗೂ ಹಿಂದೆ ಯಾರೋ ಒಬ್ಬ ಕುಶಲಕರ್ಮಿ ಉಳಿ ಹಿಡಿದು ಕುಳಿತು ಬ್ರಾಹ್ಮಿ ಅಕ್ಷರಗಳನ್ನು ಕೊರೆದ. ಚಿನ್ನ ಹುಡುಕುತ್ತ ಬಂದ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ 1915ರಲ್ಲಿ ಅವು ಬಿದ್ದವು. ಬೇರೆ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂದಷ್ಟೇ ಕರೆಸಿಕೊಂಡಿದ್ದ ಅರಸ ಅಶೋಕನೇ ಎಂಬುದು ಖಚಿತವಾದದ್ದು ಆ ಬಂಡೆಯಿಂದ. ಹೆಸರು ಕೆತ್ತಿಸುವ ಆಸೆ ನಮಗೂ ಕಡಿಮೆಯೇನಲ್ಲ. ಮದುವೆಗೆ ಕೊಟ್ಟ ಸ್ಟೀಲ್ ಕೊಡದ ಕಂಠದ ಮೇಲೆ ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು ಯಾರ ಮನೆಯಲ್ಲಿಲ್ಲ ಹೇಳಿ?

ಮಸ್ಕಿಗೆ ಹತ್ತಿರದ ಬಳಗಾನೂರಿನಲ್ಲಿ ನನ್ನ ಅಕ್ಕನ ಮನೆ. ಪಿಯುಸಿ ಓದುವ ಅವಳ ಮಗನಿಗೆ ಲೇಸರ್ ಕೆತ್ತನೆ ಯಂತ್ರದ ಹುಚ್ಚು ಹಿಡಿಯಿತು. ಚೀನಾದಲ್ಲಿ ತಯಾರಾಗಿ ಬಿಡಿಭಾಗಗಳಾಗಿ ಬರುವ ಪುಟ್ಟ ಯಂತ್ರ. ಬೆಲೆ ಒಂದು ಸಾಧಾರಣ ಮೊಬೈಲ್ ಫೋನಿನಷ್ಟು. “ಮಾಮಾ, ನೀವು ಅಪ್ಪಗ ಒಂದ್ ಮಾತು ಹೇಳ್ರಿ” ಎಂದು ನನಗೆ ದುಂಬಾಲು ಬಿದ್ದ. ಭಾವ ತುಂಗಭದ್ರಾ ಎಡದಂಡೆ ನಾಲೆಯನ್ನು ನಂಬಿ ಭತ್ತ ಬೆಳೆಯುವವರು. ಅವರು ಕೇಳಿದ್ದು ಎರಡೇ ಪ್ರಶ್ನೆ: “ರೊಕ್ಕ ಎಷ್ಟು? ಕಣ್ಣಿಗೆ ಏನರ ಆಗ್ತದೇನು?”

ಎರಡನೆಯ ಪ್ರಶ್ನೆಯೇ ದೊಡ್ಡದು. ಜಾಹೀರಾತಿನಲ್ಲಿ ‘40 ವಾಟ್’ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಅದು ಬಹುಮಟ್ಟಿಗೆ ಯಂತ್ರ ಹೀರುವ ವಿದ್ಯುತ್ತಿನ ಲೆಕ್ಕ; ಹೊರಬೀಳುವ ಬೆಳಕು 5 ವಾಟ್ ಆಸುಪಾಸು ಇದ್ದೀತು. ಐದೇ ತಾನೆ ಎನ್ನಬೇಡಿ. ಅರ್ಧ ವಾಟ್ ಮೀರಿದ ಲೇಸರನ್ನೇ ಅತ್ಯಂತ ಅಪಾಯಕಾರಿಯಾದ ನಾಲ್ಕನೆಯ ವರ್ಗಕ್ಕೆ ಸೇರಿಸುತ್ತಾರೆ. ಇದರ ನೀಲಿ ಕಿರಣದ ತರಂಗಾಂತರ ಸುಮಾರು 450 ನ್ಯಾನೊಮೀಟರ್. ಅದು ಕಣ್ಣಿನೊಳಗೆ ಸಲೀಸಾಗಿ ನುಗ್ಗುತ್ತದೆ, ಕಣ್ಣಿನ ಮಸೂರವೇ ಅದನ್ನು ಅಕ್ಷಿಪಟಲದ ಮೇಲೆ ಒಂದು ಬಿಂದುವಿಗೆ ಸೇರಿಸಿಕೊಡುತ್ತದೆ. ಅಕ್ಷಿಪಟಲಕ್ಕೆ ನೋವು ತಿಳಿಯದು. ರೆಪ್ಪೆ ಮುಚ್ಚುವಷ್ಟರಲ್ಲಿ ಸುಟ್ಟ ಕಲೆ ಬಿದ್ದಿರುತ್ತದೆ, ಅದು ವಾಸಿಯಾಗುವುದಿಲ್ಲ. ನೇರ ಕಿರಣವೇ ಬೇಕೆಂದಿಲ್ಲ, ಹೊಳೆಯುವ ಸ್ಟೀಲಿಗೆ ತಾಗಿ ಚಿಮ್ಮಿದ್ದೂ ಸಾಕು.

ಪೆಟ್ಟಿಗೆಯ ಜೊತೆ ಒಂದು ಹಸಿರು ಕನ್ನಡಕ ಬಂದಿತ್ತು. ಅದರ ಮೇಲೆ ಯಾವ ಬರಹವೂ ಇರಲಿಲ್ಲ. ಅದನ್ನು ನಾನು ನಂಬಲಿಲ್ಲ. 450 ನ್ಯಾನೊಮೀಟರ್ ಬೆಳಕನ್ನು ಎಷ್ಟು ತಡೆಯುತ್ತದೆ ಎಂಬುದನ್ನು ‘ಒಡಿ’ ಎಂಬ ಅಂಕಿಯಿಂದ ನಮೂದಿಸಿದ ಕನ್ನಡಕ ಬೇರೆಯೇ ತರಿಸಬೇಕು. ಒಡಿ 5 ಎಂದರೆ ಲಕ್ಷದಲ್ಲಿ ಒಂದು ಪಾಲು ಮಾತ್ರ ಒಳಬರುತ್ತದೆ. ಅದು ಬರಲು ಹನ್ನೆರಡು ದಿನ ಹಿಡಿಯಿತು. ಅಷ್ಟು ದಿನ ಯಂತ್ರದ ಪ್ಲಗ್ ವೈರ್ ಭಾವನ ಟ್ರಂಕಿನಲ್ಲಿ, ಟ್ರಂಕಿನ ಕೀಲಿ ಅವರ ಉಡದಾರದಲ್ಲಿ! ಹುಡುಗ ನಮ್ಮಿಬ್ಬರ ಮೇಲೂ ಮುನಿಸಿಕೊಂಡ. ಕನ್ನಡಕ ಒಂದೇ ಇದ್ದರೆ ಕೋಣೆಯಲ್ಲಿ ಒಬ್ಬರೇ ಇರಬೇಕು. ತಮ್ಮ, ತಂಗಿ, ಬೆಕ್ಕು ಎಲ್ಲ ಹೊರಗೆ. ಆದ್ದರಿಂದ ಎರಡು ತರಿಸಿದೆವು.

ಜೋಡಣೆಯನ್ನು ಆ ಹನ್ನೆರಡು ದಿನಗಳಲ್ಲಿಯೇ ಮುಗಿಸಿದೆವು. ಅಲ್ಯುಮಿನಿಯಂ ಚೌಕಟ್ಟು, ಎರಡು ಮೋಟಾರು, ಹಲ್ಲಿನ ಬೆಲ್ಟು, ಒಂದು ನಿಯಂತ್ರಣ ಬೋರ್ಡು, ಅಷ್ಟೇ. ಸ್ಕ್ರೂ ಬಿಗಿಯುವ ಮುನ್ನ ಚೌಕಟ್ಟಿನ ಎರಡೂ ಕರ್ಣಗಳನ್ನು ಟೇಪಿನಿಂದ ಅಳೆಯಿರಿ. ಎರಡೂ ಸಮವಿದ್ದರೆ ಮೂಲೆಗಳು ನೆಟ್ಟಗಿವೆ. ಇಲ್ಲವಾದರೆ ನೀವು ಕೆತ್ತುವ ಚೌಕ ಪಕ್ಕಕ್ಕೆ ವಾಲುತ್ತದೆ. ಒಂಬತ್ತನೆಯ ತರಗತಿಯ ಗಣಿತದಲ್ಲಿ ಬರುವ ಎಕ್ಸ್ ಅಕ್ಷ, ವೈ ಅಕ್ಷ ನೆನಪಿದೆಯೆ? ಒಂದು ಮೋಟಾರು ಅದಕ್ಕೆ, ಇನ್ನೊಂದು ಇದಕ್ಕೆ. ಕಂಪ್ಯೂಟರ್ ಕಳುಹಿಸುವ ಆಜ್ಞೆಯೂ ಅಷ್ಟೇ ಸರಳ: ಇಷ್ಟು ಎಕ್ಸ್, ಇಷ್ಟು ವೈ, ಇಷ್ಟು ವೇಗ, ಇಷ್ಟು ಶಕ್ತಿ. ನಿರ್ದೇಶಾಂಕ ಎಂದರೆ ಮೂಗು ಮುರಿಯುತ್ತಿದ್ದ ಹುಡುಗ ಮೂಲಬಿಂದು ಎಲ್ಲಿದೆ ಎಂದು ನನಗೇ ಪಾಠ ಹೇಳಿದ.

ಲೇಸರ್‌ಜಿಆರ್‌ಬಿಎಲ್ ಎಂಬ ಉಚಿತ ತಂತ್ರಾಂಶ ವಿಂಡೋಸ್ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಕನ್ನಡ ಬರಹವನ್ನು ಬೇರೆಡೆ ಟೈಪು ಮಾಡಿ ಚಿತ್ರವಾಗಿ ಉಳಿಸಿಕೊಂಡು ಅದಕ್ಕೆ ಕೊಡುವುದು ಒಳ್ಳೆಯದು, ಒತ್ತಕ್ಷರಗಳು ಚದುರುವುದಿಲ್ಲ. ನಂತರ ಮಸೂರದ ಎತ್ತರ. ಜೊತೆಗೆ ಬಂದ ಲೋಹದ ತುಂಡನ್ನು ಹಲಗೆಯ ಮೇಲಿಟ್ಟು ಲೇಸರ್ ತಲೆಯನ್ನು ಅದಕ್ಕೆ ತಾಗುವಷ್ಟು ಇಳಿಸಿದರೆ ಕಿರಣ ಸೂಜಿಮೊನೆಯಷ್ಟು ಸಣ್ಣಗಾಗುತ್ತದೆ. ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಗೆರೆ ದಪ್ಪವಾಗುತ್ತದೆ. ವೇಗ, ಶಕ್ತಿ ಎಷ್ಟಿರಬೇಕೆಂದು ಯಾರನ್ನೂ ಕೇಳಬೇಡಿ. ರದ್ದಿ ಪ್ಲೈವುಡ್ ತುಂಡಿನ ಮೇಲೆ ಸಾಲುಸಾಲು ಸಣ್ಣ ಚೌಕಗಳನ್ನು ಸುಡಿಸಿ, ಅಡ್ಡಕ್ಕೆ ವೇಗ, ಉದ್ದಕ್ಕೆ ಶಕ್ತಿ ಬದಲಿಸುತ್ತ ಹೋಗಿ. ಆ ತುಂಡೇ ನಿಮ್ಮ ಕೈಪಿಡಿ. ಆತುರಕ್ಕೆ ಬಿದ್ದು ಇದನ್ನು ಬಿಟ್ಟ ನನ್ನ ಮೊದಲ ಹಲಗೆ ಇದ್ದಿಲಾಯಿತು.

ಪಾರದರ್ಶಕ ಅಕ್ರಿಲಿಕ್ ಮೇಲೆ ಈ ಯಂತ್ರ ಏನೂ ಮಾಡದು, ನೀಲಿ ಬೆಳಕು ಅದರೊಳಗೆ ಹಾದುಹೋಗುತ್ತದೆ. ಕಪ್ಪು ಅಕ್ರಿಲಿಕ್ ಕೊಡಿ, ಸುಡುತ್ತದೆ. ಪಾರದರ್ಶಕವನ್ನೂ ಕತ್ತರಿಸುವುದು ಕಾರ್ಬನ್ ಡೈಆಕ್ಸೈಡ್ ಲೇಸರ್. ಅದನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಂಡುಹಿಡಿದ ಕುಮಾರ್ ಪಟೇಲ್ ಹುಟ್ಟಿದ್ದು ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ. ಆ ಜಾತಿಯ ಅಗ್ಗದ ಯಂತ್ರಗಳೂ ಬರುತ್ತವೆ. ಆದರೆ ಅವುಗಳ ಕೊಳವೆಗೆ ಸಾವಿರಾರು ವೋಲ್ಟ್ ಬೇಕು, ಜೊತೆಗೆ ತಂಪು ನೀರಿನ ಹರಿವು. ಅರ್ತಿಂಗ್ ಸರಿಯಿಲ್ಲದ ಮನೆಯಲ್ಲಿ ವಿದ್ಯಾರ್ಥಿಯ ಕೈಗೆ ಅದನ್ನು ಕೊಡುವುದು ನನಗಂತೂ ಒಪ್ಪಿಗೆಯಿಲ್ಲ.

ರೆಕ್ಸಿನ್, ಫ್ಲೆಕ್ಸ್ ಬ್ಯಾನರು, ಪಿವಿಸಿ ಇವುಗಳನ್ನು ಯಂತ್ರದ ಬಳಿಯೂ ತರಬೇಡಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಶ್ವಾಸಕೋಶಕ್ಕೂ ಕೆಡುಕು, ಯಂತ್ರಕ್ಕೂ ತುಕ್ಕು. ಮರದ ಹೊಗೆಯೂ ಒಳ್ಳೆಯದಲ್ಲ, ಕಿಟಕಿಗೆ ಎಕ್ಸಾಸ್ಟ್ ಫ್ಯಾನು ಹಾಕಿಸಿ. ಹತ್ತಿ, ಹುಲ್ಲು ಇಟ್ಟ ಕೋಣೆ ಬೇಡವೇ ಬೇಡ. ಪಕ್ಕದಲ್ಲಿ ಒದ್ದೆ ಗೋಣಿಚೀಲವಿರಲಿ, ಯಂತ್ರ ಓಡುವಾಗ ಚಹಾ ಕುಡಿಯಲು ಎದ್ದು ಹೋಗಬಾರದು. ನಮ್ಮ ರಾಯಚೂರು ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಆ ಬಿಸಿಲಿನಲ್ಲಿ ಲೇಸರಿನ ಆಯುಷ್ಯ ಕುಗ್ಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಸುಕಿನಲ್ಲೇ ಕೆಲಸ ಮುಗಿಸಿ. ಭತ್ತದ ಹೊಟ್ಟಿನ ಧೂಳು ಮಸೂರದ ಮೇಲೆ ಕೂರುತ್ತದೆ, ಆಗಾಗ ಹತ್ತಿಯಿಂದ ಮೃದುವಾಗಿ ಒರೆಸಬೇಕು.

ಮೊದಲು ಕೆತ್ತಬೇಕಾದದ್ದು ಯಾರ ಹೆಸರು ಎಂಬ ಚರ್ಚೆ ಊಟದ ಹೊತ್ತಿನಲ್ಲಿ ನಡೆಯಿತು. ಹುಡುಗ ಅಜ್ಜಿಯದೆಂದ. ಅರ್ಧ ಹೆಸರು ಮೂಡುವಷ್ಟರಲ್ಲಿ ಕರೆಂಟು ಹೋಯಿತು! ಕರೆಂಟು ಬಂದಾಗ ಯಂತ್ರಕ್ಕೆ ತಾನೆಲ್ಲಿದ್ದೆ ಎಂಬ ನೆನಪೇ ಇಲ್ಲ. ಹಲಗೆಯನ್ನು ಮೂಲೆಯಲ್ಲಿ ಎರಡು ಪಟ್ಟಿಗಳಿಗೆ ಒತ್ತಿ ಇಟ್ಟಿದ್ದರೆ, ಲೇಸರ್ ತಲೆಯನ್ನೂ ಅದೇ ಮೂಲೆಗೆ ತಂದು ಮತ್ತೆ ಮೊದಲಿನಿಂದ ಅದೇ ಗೆರೆಯ ಮೇಲೆ ಓಡಿಸಬಹುದಿತ್ತು; ಆ ಬುದ್ಧಿ ನಮಗೆ ಬಂದದ್ದು ಆಮೇಲೆ. ಹಲಗೆಯನ್ನು ಮಗುಚಿ ಹಾಕಿ ಮರುದಿನ ಬೆಳಗ್ಗೆ ಇನ್ನೊಂದು ಬದಿಗೆ ಕೆತ್ತಿದ. ಭಾವ ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಪಕ್ಕದಲ್ಲೇ ನಿಂತಿದ್ದರು. ಅಜ್ಜಿ ಬೆರಳಿನಿಂದ ಅಕ್ಷರ ಸವರಿ, ಹಿಂದಿನ ಅರ್ಧ ಹೆಸರನ್ನೂ ತಿರುಗಿಸಿ ನೋಡಿ, “ಇದನ್ಯಾಕ ಬಿಟ್ಟಿ?” ಎಂದು ಕೇಳಿದಳು.