ಗುಜರಿ ತಕ್ಕಡಿಗೆ ಬಾರದ 22 ರೂಪಾಯಿ

ಕೆಟ್ಟ ಮಿಕ್ಸಿ ಮೊದಲು ಅಟ್ಟ ಸೇರುತ್ತದೆ. ಅಟ್ಟ ತುಂಬಿದ ಮೇಲೆ ಗುಜರಿಯವನ ತಕ್ಕಡಿ. ಇ-ತ್ಯಾಜ್ಯದ ವಿಚಾರದಲ್ಲಿ ಸರ್ಕಾರವೂ ಕಂಪನಿಗಳೂ ಕೂಡಿ ನಡೆಸಬೇಕಾದ ಏರ್ಪಾಡು ಎಡವುತ್ತಿರುವುದು ಈ ತಕ್ಕಡಿಯ ಬಳಿಯೇ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು 106 ಬಗೆಯ ಉಪಕರಣಗಳಿಗೆ ಅನ್ವಯಿಸುತ್ತವೆ. ಕಂಪನಿಗಳು ಹಿಂದೆ ಮಾರಿದ ಸರಕಿನಲ್ಲಿ ಆಯಸ್ಸು ಮುಗಿದದ್ದರ ಇಂತಿಷ್ಟು ಪಾಲು ಮರುಬಳಕೆಯಾಯಿತೆಂದು ತೋರಿಸಬೇಕು: ಮೊದಲೆರಡು ವರ್ಷ ಶೇ 60, ಆಮೇಲೆ 70, ನಂತರ 80. ಹಾಗೆಂದು ಅವು ಮನೆಮನೆ ಸುತ್ತಬೇಕಿಲ್ಲ. ನೋಂದಾಯಿತ ಘಟಕ ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಬೇರ್ಪಡಿಸಿದಾಗ ಪ್ರಮಾಣಪತ್ರ ಹುಟ್ಟುತ್ತದೆ. ಕಂಪನಿ ಅದನ್ನು ಕೊಂಡರೆ ಮುಗಿಯಿತು.

ಈ ಪ್ರಮಾಣಪತ್ರದ ಕಾಗದ ಅಗ್ಗವಾದಷ್ಟೂ ಕೆಲಸ ಕಾಗದದ ಮೇಲೆಯೇ ಉಳಿಯುತ್ತದೆ. ಇದೇ ಬಗೆಯ ಪ್ಲಾಸ್ಟಿಕ್ ವ್ಯವಸ್ಥೆಯಲ್ಲಿ ಲಕ್ಷಗಟ್ಟಲೆ ನಕಲಿ ಪ್ರಮಾಣಪತ್ರಗಳು 2023ರಲ್ಲಿ ಬಯಲಾದವು. ಆದ್ದರಿಂದ ಸರ್ಕಾರ ಗೃಹೋಪಯೋಗಿ ಎಲೆಕ್ಟ್ರಾನಿಕ್ಸ್‌ನ ಮರುಬಳಕೆಗೆ ಕಂಪನಿ ಘಟಕಕ್ಕೆ ಕೊಡಬೇಕಾದ ಕನಿಷ್ಠ ದರವನ್ನು ಕಿಲೋಗೆ 22 ರೂಪಾಯಿ ಎಂದು ನಿಗದಿ ಮಾಡಿದ್ದು ಸರಿ ಎಂದೇ ನನ್ನ ಎಣಿಕೆ. ಇದರ ವಿರುದ್ಧ ಹಲವು ದೊಡ್ಡ ಕಂಪನಿಗಳು ದೆಹಲಿ ಹೈಕೋರ್ಟ್ ಮೆಟ್ಟಿಲೇರಿದವು. ಖಾಸಗಿಯವರ ವ್ಯವಹಾರದ ಬೆಲೆಯಲ್ಲಿ ಸರ್ಕಾರಕ್ಕೇನು ಕೆಲಸ ಎಂಬುದು ಅವುಗಳ ತಕರಾರು. ತರಕಾರಿ ಸಂತೆಯಲ್ಲಾದರೆ ಒಪ್ಪಬಹುದಾದ ಮಾತು. ಆದರೆ ಈ ಸರಕನ್ನು ಕೊಳ್ಳುವವನಿಗೆ ಬೇಕಿರುವುದು ರಸೀದಿಯಷ್ಟೇ, ಗುಣಮಟ್ಟವಲ್ಲ. ಅಲ್ಲಿ ದರ ಕುಸಿದರೆ ಮೊದಲು ಬಾಗಿಲು ಹಾಕುವವನು ಹೊಗೆ, ಕೊಳಚೆ ಶುದ್ಧಿಗೆ ದುಡ್ಡು ಸುರಿದ ಪ್ರಾಮಾಣಿಕ ಘಟಕದವನು.

ಆದರೂ ಆ ದುಡ್ಡು ಗುಜರಿಯವನನ್ನು ಮುಟ್ಟುತ್ತದೆಯೇ? 2016ರ ನಿಯಮಗಳಲ್ಲಿ ಸಂಗ್ರಹಣಾ ಕೇಂದ್ರಕ್ಕೂ ಉಪಕರಣ ಬಿಚ್ಚುವವನಿಗೂ ಹೆಸರಿತ್ತು. ಹೊಸ ನಿಯಮಗಳ ನೋಂದಣಿ ಪಟ್ಟಿಯಲ್ಲಿ ಇಬ್ಬರ ಹೆಸರೂ ಇಲ್ಲ. ಬೆಂಗಳೂರಿನ ಗೌರಿಪಾಳ್ಯದಂಥ ಕಡೆ ಬೋರ್ಡುಗಳನ್ನು ಆಸಿಡ್‌ನಲ್ಲಿ ಅದ್ದಿ ಚಿನ್ನ ತೆಗೆಯುವವರಿಗೆ ಮಾನ್ಯತೆಯೇ ಎಂಬ ಆಕ್ಷೇಪ ಸುಳ್ಳಲ್ಲ. ಆ ವಿಷ ಮೊದಲು ಸೇರುವುದು ಅವರದೇ ಎದೆಗೆ. ಆದರೆ ಸ್ಕ್ರೂ ಬಿಚ್ಚುವುದು ಬೇರೆ, ಆಸಿಡ್‌ನಲ್ಲಿ ಅದ್ದುವುದು ಬೇರೆ. ಬೋರ್ಡನ್ನು ಇಡಿಯಾಗಿ ಘಟಕಕ್ಕೆ ಕೊಟ್ಟರೆ ಹೆಚ್ಚು ಸಿಗುವುದಾದರೆ ಯಾರೂ ಆಸಿಡ್ ಡಬ್ಬಿ ತೆರೆಯುವುದಿಲ್ಲ. ಹಾಗಾಗಬೇಕಾದರೆ 22 ರೂಪಾಯಿಯಲ್ಲಿ ಸಂಗ್ರಹಿಸಿದವನ ಪಾಲೆಷ್ಟು ಎಂಬುದು ನಿಯಮದಲ್ಲೇ ಇರಬೇಕು, ಪ್ರಮಾಣಪತ್ರದ ಜೊತೆಗೆ ಅವನಿಗೆ ದುಡ್ಡು ಸಂದ ದಾಖಲೆಯನ್ನೂ ಕಂಪನಿ ತೋರಿಸಬೇಕು.